ಎಂಟಿಬಿಗೆ ಟ್ಯೂಬ್‌ಲೆಸ್ ರಿಮ್ ಆರಿಸುವುದು: ಹಬ್‌ನಿಂದ ಶುರುಮಾಡಿ

ಎಂಟಿಬಿಯನ್ನು, ಅಂದರೆ ಗುಡ್ಡಗಾಡಿನ ಮೌಂಟನ್ ಬೈಕ್ ಸೈಕಲ್ಲನ್ನು, ಟ್ಯೂಬ್‌ಲೆಸ್ (ಟ್ಯೂಬ್ ಇಲ್ಲದೆ ಟೈರಿನಲ್ಲೇ ಗಾಳಿ ನಿಲ್ಲುವಂತೆ) ಮಾಡಿಸಲು ಹೋಗಿ ಕೈಸುಟ್ಟುಕೊಂಡವರ ಕಥೆ ಹೆಚ್ಚುಕಡಿಮೆ ಒಂದೇ. ಚೆಂದದ ರಿಮ್ ರಿಯಾಯಿತಿಯಲ್ಲಿ ಕಣ್ಣಿಗೆ ಬೀಳುತ್ತದೆ, ತರಿಸಿಕೊಳ್ಳುತ್ತಾರೆ, ಆಮೇಲೆ ಚಕ್ರದ ನಡುವಿನ ಹಬ್‌ನ ಸ್ಪೋಕ್ ತೂತು ಎಣಿಸಲು ಕೂರುತ್ತಾರೆ. ನಾನೂ ಇದನ್ನೇ ಮಾಡಿದವನು. 32 ತೂತಿನ ಹಬ್ ಇಟ್ಟುಕೊಂಡು 28 ತೂತಿನ ರಿಮ್ ತರಿಸಿದೆ. ಅದು ಇವತ್ತಿಗೂ ಅಟ್ಟದ ಮೇಲಿದೆ, ವರ್ಷಕ್ಕೊಮ್ಮೆ ಧೂಳು ಒರೆಸುತ್ತೇನೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ನಾಲ್ಕು ಹಂತ ಮುಗಿಯುವವರೆಗೆ ಯಾವ ರಿಮ್‌ನ ಬೆಲೆಯನ್ನೂ ನೋಡಬೇಡಿ. ಉದಾಹರಣೆಗೆ ನಾನು ಇಟ್ಟುಕೊಂಡಿರುವುದು ನಮ್ಮಲ್ಲಿ ಹೆಚ್ಚು ಕಾಣುವ ಸೈಕಲ್ಲನ್ನೇ: ಅಲಾಯ್ ಫ್ರೇಮು, ಡಿಸ್ಕ್ ಬ್ರೇಕು, 27.5 ಅಥವಾ 29 ಇಂಚಿನ ಚಕ್ರ, ಹಿಂದೆ 7 ಅಥವಾ 8 ಗೇರು.

ಬೇಕಾದ ಸಾಮಾನು

ಆರಿಸುವ ಹಂತಕ್ಕೆ ವರ್ನಿಯರ್ ಕ್ಯಾಲಿಪರ್ (ಪ್ಲಾಸ್ಟಿಕ್ಕಿನದೂ ಸಾಕು), ಸ್ಟೀಲ್ ಸ್ಕೇಲು, ಟಾರ್ಚು, ಬರೆದುಕೊಳ್ಳಲು ಒಂದು ಹಾಳೆ.

ಕೂರಿಸುವ ಹಂತಕ್ಕೆ ಪ್ಲಾಸ್ಟಿಕ್ ಟೈರ್ ಲಿವರ್ ಎರಡು, ಐಸೊಪ್ರೊಪೈಲ್ ಆಲ್ಕೊಹಾಲ್, ನಾರು ಬಿಡದ ಹಳೆಯ ಬಟ್ಟೆ, ಟ್ಯೂಬ್‌ಲೆಸ್ ಟೇಪು, ಟ್ಯೂಬ್‌ಲೆಸ್ ವಾಲ್ವ್ ಎರಡು, ವಾಲ್ವ್ ಕೋರ್ ಬಿಚ್ಚುವ ಕೀ, ಸೀಲೆಂಟು (ಟೈರಿನ ಸಣ್ಣ ತೂತು ಮುಚ್ಚುವ ದ್ರವ), ಸೋಪಿನ ನೀರು, ಮೀಟರ್ ಇರುವ ಫ್ಲೋರ್ ಪಂಪು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬಳಸುವ ಯೋಚನೆ ಇದ್ದರೆ ಪ್ರೆಸ್ಟಾ ಎನ್ನುವ ಸಣ್ಣ ವಾಲ್ವಿಗೆ ಹಾಕುವ ಹಿತ್ತಾಳೆಯ ಸಣ್ಣ ಅಡಾಪ್ಟರ್ ಜೇಬಿನಲ್ಲಿರಲಿ, ಅಂಗಡಿಯಲ್ಲಿ ಅದು ಸಿಗುವುದು ಅಪರೂಪ.

1. ಟೈರಿನ ಪಕ್ಕದ ಸಣ್ಣ ಅಂಕಿ ಓದಿ

ಟೈರಿನ ಮೇಲೆ ದೊಡ್ಡದಾಗಿ 29×2.25 ಎಂದಿರುತ್ತದೆ. ಅದರ ಹತ್ತಿರವೇ ಸಣ್ಣದಾಗಿ 57-622 ಎಂಬಂಥ ಇನ್ನೊಂದು ಅಂಕಿ ಇರುತ್ತದೆ. ನಂಬಬೇಕಾದ್ದು ಈ ಎರಡನೆಯದನ್ನು. ಯುರೋಪಿನ ಟೈರು-ರಿಮ್ ಮಾನಕ ಸಂಸ್ಥೆ ಇಟಿಆರ್‌ಟಿಒ ಗೊತ್ತುಮಾಡಿದ ಬರವಣಿಗೆ ಅದು. 57 ಟೈರಿನ ಅಗಲ, 622 ಟೈರಿನ ಬೀಡ್ (ಗಟ್ಟಿ ಒಳ ಅಂಚು) ರಿಮ್ ಮೇಲೆ ಕೂರುವ ಜಾಗದ ವ್ಯಾಸ, ಎರಡೂ ಮಿ.ಮೀ. ಲೆಕ್ಕದಲ್ಲಿ.

ಎಂಟಿಬಿಯಲ್ಲಿ 29 ಇಂಚು ಎಂದರೆ 622, 27.5 ಎಂದರೆ 584, 26 ಎಂದರೆ 559. ಮೋಸ ಹೋಗುವುದು 26ರಲ್ಲಿ. ಊರಿನ ಸೈಕಲ್ ಅಂಗಡಿಯಲ್ಲಿ 26 ಇಂಚಿನ ರಿಮ್ ಕೇಳಿದರೆ 26×1⅜ರ ಸಾದಾ ಸೈಕಲ್ಲಿನ ರಿಮ್ ಕೈಗೆ ಬರಬಹುದು. ಅದರ ವ್ಯಾಸ 590. ಹೆಸರು ಒಂದೇ, ನಡುವೆ 31 ಮಿ.ಮೀ. ಅಂತರ. ಹಾಗಾಗಿ ಕೇಳುವಾಗ ಇಂಚಿನ ಲೆಕ್ಕ ಬಿಟ್ಟು ಮೂರಂಕಿಯ ವ್ಯಾಸವನ್ನೇ ಹೇಳಿ.

2. ಬ್ರೇಕ್ ಯಾವುದು ನೋಡಿ

ಈಗ ಬರುವ ಟ್ಯೂಬ್‌ಲೆಸ್ ಎಂಟಿಬಿ ರಿಮ್‌ಗಳಲ್ಲಿ ಹೆಚ್ಚಿನವು ಡಿಸ್ಕ್ ಬ್ರೇಕಿಗೆಂದೇ ಮಾಡಿದವು. ಬ್ರೇಕ್ ರಬ್ಬರು ಉಜ್ಜಲು ಬೇಕಾದ ಸಪಾಟು ಪಟ್ಟಿ ಅವುಗಳ ಪಕ್ಕದಲ್ಲಿ ಇರುವುದೇ ಇಲ್ಲ. ನಿಮ್ಮದು ರಿಮ್‌ಗೆ ರಬ್ಬರು ಒತ್ತುವ ವಿ-ಬ್ರೇಕ್ ಆದರೆ ಇಂಥ ರಿಮ್ ಹಾಕಬೇಡಿ. ಬಣ್ಣ ಕಿತ್ತುಬರುತ್ತದೆ, ಬ್ರೇಕ್ ಹಿಡಿಯುವುದಿಲ್ಲ, ಮಳೆಯಲ್ಲಂತೂ ದೇವರೇ ಗತಿ.

3. ಹಬ್ ಪರೀಕ್ಷೆ

ಅವಸರ ಬೇಡ. ಹೆಚ್ಚಿನವರು ಎಡವುವುದು ಇಲ್ಲೇ.

ಮೊದಲು ಸ್ಪೋಕ್ ಎಣಿಸಿ. ಸಾಮಾನ್ಯವಾಗಿ 28, 32, 36 ಈ ಮೂರರಲ್ಲಿ ಒಂದು ಬರುತ್ತದೆ. ಮುಂದಿನ ಚಕ್ರ, ಹಿಂದಿನ ಚಕ್ರ ಎರಡನ್ನೂ ಎಣಿಸಿ, ಬೇರೆ ಬೇರೆ ಇರುವುದೂ ಉಂಟು. ರಿಮ್‌ನ ತೂತು ಹಬ್‌ನ ತೂತಿಗೆ ಸರಿಯಾಗಲೇಬೇಕು, ಹೊಂದಿಸಿಕೊಳ್ಳೋಣ ಎಂಬ ಮಾತಿಲ್ಲ. ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ 36 ಸಾಮಾನ್ಯ. ಒಳ್ಳೆಯ ಟ್ಯೂಬ್‌ಲೆಸ್ ರಿಮ್‌ಗಳು ಹೆಚ್ಚಾಗಿ ಬರುವುದು 28 ಮತ್ತು 32ರಲ್ಲಿ. ತೊಡಕು ಶುರುವಾಗುವುದು ಅಲ್ಲಿಂದ.

ಎರಡನೆಯದು, ಹಿಂದಿನ ಹಬ್‌ನ ಗೇರ್ ಗುಂಪು ಫ್ರೀವೀಲೋ ಕ್ಯಾಸೆಟ್ಟೋ ಎಂಬುದು. ಚಕ್ರ ಕಳಚಿ, ಗೇರಿನ ಹಲ್ಲುಗಳನ್ನು ಹಿಂದಕ್ಕೆ ತಿರುಗಿಸುತ್ತಾ ನಡುಭಾಗ ನೋಡಿ. ಟೂಲ್ ಹಾಕುವ ಗೀರುಗಳಿರುವ ಉಂಗುರ ಹಲ್ಲುಗಳ ಜೊತೆಗೇ ತಿರುಗಿದರೆ ಹಬ್ ಮೇಲೆ ಜಾರಿಸಿ ಕೂರಿಸುವ ಕ್ಯಾಸೆಟ್. ಉಂಗುರ ನಿಂತಲ್ಲೇ ನಿಂತು ಹಲ್ಲು ಮಾತ್ರ ತಿರುಗಿದರೆ ಮರೆ (ಥ್ರೆಡ್) ಹಾಕಿ ಕೂರಿಸುವ ಫ್ರೀವೀಲ್.

ಮೂರನೆಯದು ಆಕ್ಸಲ್. ಫ್ರೇಮಿನ ಹಿಂದಿನ ಎರಡು ಕಿವಿಗಳ ನಡುವಿನ ಅಂತರ ಅಳೆಯಿರಿ. ಲಿವರ್ ತಿರುಗಿಸಿ ಚಕ್ರ ಬಿಚ್ಚುವ ಕ್ವಿಕ್ ರಿಲೀಸ್ ಇದ್ದರೆ ಸಾಮಾನ್ಯವಾಗಿ 135 ಮಿ.ಮೀ. ದಪ್ಪ ಆಕ್ಸಲ್ ತೂರಿಸುವ ಫ್ರೇಮಾದರೆ 12×142 ಅಥವಾ ಬೂಸ್ಟ್ ಎನ್ನುವ 12×148. ಮುಂದಿನ ಫೋರ್ಕಿನಲ್ಲಿ 9×100, 15×100, 15×110. ಬೂಸ್ಟ್ ಚಕ್ರವನ್ನು 135ರ ಫ್ರೇಮಿಗೆ ಒತ್ತಿ ಕೂರಿಸಲು ಹೋಗಿ ಫ್ರೇಮ್ ಕಿವಿ ಬಗ್ಗಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಕೊನೆಗೆ ಡಿಸ್ಕ್ ರೋಟರ್: 6 ಬೋಲ್ಟಿನದೋ, ನಡುವೆ ಒಂದೇ ಉಂಗುರ ಬಿಗಿಯುವ ಸೆಂಟರ್‌ಲಾಕೋ, ಬರೆದುಕೊಳ್ಳಿ.

4. ರಿಮ್ ಮಾತ್ರವೋ, ಪೂರ್ತಿ ಚಕ್ರವೋ?

ಹಾಳೆಯಲ್ಲಿ 36 ತೂತು ಮತ್ತು ಫ್ರೀವೀಲ್ ಎಂದು ಬರೆದಿದ್ದರೆ ನನ್ನ ಸಲಹೆ ನೇರವಾಗಿದೆ: ಆ ಹಬ್‌ಗೆ ಹೊಸ ರಿಮ್ ಕಟ್ಟಿಸಬೇಡಿ. ಫ್ರೀವೀಲ್ ಹಬ್‌ನಲ್ಲಿ ಬಲಗಡೆಯ ಬೇರಿಂಗ್ ಆಕ್ಸಲ್ ತುದಿಯಿಂದ ಬಹಳ ಒಳಗಿರುತ್ತದೆ. ಕಲ್ಲುದಾರಿಯಲ್ಲಿ ಜಿಗಿಸಿದರೆ ಆ ಉದ್ದಕ್ಕೂ ಭಾರ ಬಿದ್ದು ಆಕ್ಸಲ್ ಬಗ್ಗುತ್ತದೆ, ಮುರಿಯುವುದೂ ಉಂಟು. ಅದಕ್ಕೆ ಹೊಸ ರಿಮ್, ಹೊಸ ಸ್ಪೋಕ್, ಕಟ್ಟುವ ಕೂಲಿ ಸುರಿಯುವುದು ಹಳೇ ಗೋಡೆಗೆ ಹೊಸ ಬಣ್ಣ ಬಳಿದಂತೆ.

ಅದರ ಬದಲು 135 ಮಿ.ಮೀ. ಕ್ವಿಕ್ ರಿಲೀಸ್ ಇರುವ, ಕ್ಯಾಸೆಟ್ ಹಬ್‌ನ ಪೂರ್ತಿ ಟ್ಯೂಬ್‌ಲೆಸ್ ಚಕ್ರ ಹುಡುಕಿ. ಹಬ್ 8, 9, 10 ಸ್ಪೀಡಿನ ಸಾಮಾನ್ಯ ಶಿಮಾನೊ ಮಾದರಿಯದಾಗಿದ್ದರೆ 4.5 ಮಿ.ಮೀ. ಸ್ಪೇಸರ್ ಹಾಕಿ 7 ಸ್ಪೀಡ್ ಕ್ಯಾಸೆಟ್ಟನ್ನೂ ಕೂರಿಸಬಹುದು. ಹಾಗಾಗಿ ಗೇರ್ ಶಿಫ್ಟರ್ ಬದಲಿಸುವ ಖರ್ಚಿಲ್ಲ. ಮೈಕ್ರೊ ಸ್ಪ್ಲೈನ್ ಅಥವಾ ಎಕ್ಸ್‌ಡಿ ಹಬ್ ಮಾತ್ರ ಬೇಡ, ಅವು ಹೆಚ್ಚಾಗಿ 11, 12 ಸ್ಪೀಡಿನವರಿಗೆ.

ಹಬ್ 32 ತೂತಿನದು, ಕ್ಯಾಸೆಟ್ಟಿನದು, ಕೈಯಲ್ಲಿ ತಿರುಗಿಸಿದರೆ ಗರಗರ ಅನ್ನುವುದಿಲ್ಲ ಎಂದಾದರೆ ರಿಮ್ ಮಾತ್ರ ಕೊಳ್ಳುವುದು ಸರಿಯಾದ ದಾರಿ.

ಹೊರದೇಶದಿಂದ ತರಿಸುವವರು ಸುಂಕವನ್ನೂ ಕೂಡಿಸಿ ಲೆಕ್ಕ ಹಾಕಿ. ರಿಯಾಯಿತಿ ಅಲ್ಲಿಗೆ ಕರಗಿಹೋಗುವುದು ಹೊಸದೇನಲ್ಲ.

5. ಒಳ ಅಗಲ ಗೊತ್ತುಮಾಡಿ

ರಿಮ್‌ಗೆ ಎರಡು ಅಗಲ ಇರುತ್ತವೆ. ಹೊರಗಿನಿಂದ ಹೊರಗಿನವರೆಗೆ ಒಂದು, ಒಳಗೋಡೆಯಿಂದ ಒಳಗೋಡೆಯವರೆಗೆ ಇನ್ನೊಂದು. ಟೈರಿಗೆ ಸಂಬಂಧ ಒಳ ಅಗಲದ್ದು. ಜಾಹೀರಾತಿನಲ್ಲಿ ಬರೀ 30 ಎಂದಿದ್ದರೆ ಯಾವ ಅಗಲ ಎಂದು ಕೇಳಿಯೇ ತೀರಬೇಕು. ಹೊರ ಅಗಲ 30 ಇದ್ದರೆ ಒಳ ಅಗಲ 25ರ ಆಸುಪಾಸಿಗೆ ಇಳಿಯುತ್ತದೆ. ಕೆಲವು ಕಂಪನಿಗಳು ಹೆಸರಿನಲ್ಲೇ ಒಳ ಅಗಲ ಹೇಳುತ್ತವೆ: ಡಬ್ಲ್ಯುಟಿಬಿಯ ಐ25, ಐ30ರಲ್ಲಿ, ರೇಸ್ ಫೇಸ್‌ನ ಎಆರ್ 30ರಲ್ಲಿ ಇರುವುದು ಒಳ ಅಗಲವೇ. ಡಿಟಿ ಸ್ವಿಸ್‌ನ ಎಕ್ಸ್‌ಎಂ 481ರ ಅಂಕಿಯಲ್ಲಿ ಅಗಲ ಹುಡುಕಿದರೆ ಸಿಗುವುದಿಲ್ಲ, ಅದರ ಒಳ ಅಗಲವೂ 30.

ಈಗ ಯಾವ ಟೈರ್ ಹಾಕುತ್ತೀರಿ ಎಂದು ಪ್ರಾಮಾಣಿಕವಾಗಿ ಹೇಳಿಕೊಳ್ಳಿ. 2.1ರಿಂದ 2.3 ಇಂಚಿನ ಟೈರಿಗೆ 25 ಮಿ.ಮೀ. ಒಳ ಅಗಲ ಸಾಕು. 2.35ರಿಂದ 2.6ಕ್ಕೆ 30. ಅದಕ್ಕಿಂತ ದಪ್ಪ ಟೈರಿಗೆ 35. ಒಂದೆರಡು ಮಿ.ಮೀ. ಆಚೀಚೆ ಆದರೆ ತೊಂದರೆಯಿಲ್ಲ.

ತೀರಾ ಕಿರಿದಾದರೆ ಟೈರು ಬಲ್ಬಿನ ಹಾಗೆ ಬುಡದಲ್ಲಿ ಸಣ್ಣಗೆ, ಮೇಲೆ ಉಬ್ಬಿ ನಿಲ್ಲುತ್ತದೆ. ತಿರುವಿನಲ್ಲಿ ಮೈ ವಾಲಿಸಿದಾಗ ಟೈರು ಪಕ್ಕಕ್ಕೆ ಹೊರಳಿ ಬೀಡ್ ಸಂದಿನಿಂದ ಗಾಳಿ ಬುಸ್ಸೆಂದು ಹೊರಬೀಳುತ್ತದೆ. ಹಳೆಯ ಸೈಕಲ್ಲುಗಳ 19-21 ಮಿ.ಮೀ. ರಿಮ್‌ಗೆ 2.4ರ ಟೈರ್ ಹಾಕಿ ಟ್ಯೂಬ್‌ಲೆಸ್ ಮಾಡಿದವರ ದೂರು ಇದೇ. ತೀರಾ ಅಗಲವಾದರೆ ಟೈರಿನ ನೆತ್ತಿ ಚಪ್ಪಟೆಯಾಗಿ, ಪಕ್ಕದ ಹಿಡಿತದ ಗುಬುಟುಗಳು ಮೇಲೆದ್ದು ಬರುತ್ತವೆ. ಟೈರಿನ ಮರೆಯಲ್ಲಿರಬೇಕಾದ ರಿಮ್‌ನ ಅಂಚು ಹೊರಗಿಣುಕಿ ಕಲ್ಲಿಗೆ ತಾಕುತ್ತದೆ. ರಾಮನಗರದ ಕಡೆಯ ಬಂಡೆಗಳಲ್ಲಿ ಓಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ವಿಷಯ ಮರೆತುಹೋಗುತ್ತದೆ. ಒಳ ಅಗಲ 5 ಮಿ.ಮೀ. ಹೆಚ್ಚಾದರೆ ಅದೇ ಟೈರು ಸುಮಾರು 2 ಮಿ.ಮೀ. ದಪ್ಪವಾಗುತ್ತದೆ. ಫ್ರೇಮಿಗೂ ಟೈರಿಗೂ ನಡುವೆ ಪ್ರತಿ ಪಕ್ಕದಲ್ಲಿ 6 ಮಿ.ಮೀ. ಜಾಗವಾದರೂ ಉಳಿಯಬೇಕು. ಕೊಡಗು, ಸಕಲೇಶಪುರದ ಮಳೆಗಾಲದ ಅಂಟು ಮಣ್ಣಿನಲ್ಲಿ ಓಡಿಸುವವರು ಇನ್ನೂ ಹೆಚ್ಚು ಬಿಡಿ. ಇಲ್ಲದಿದ್ದರೆ ಮಣ್ಣು ತುಂಬಿ ಚಕ್ರ ನಿಂತೇ ಹೋಗುತ್ತದೆ, ಸೈಕಲ್ಲನ್ನು ನೀವೇ ಹೊರಬೇಕು.

6. ರಿಮ್‌ನ ಒಳಮೈ ಬೆರಳಿನಿಂದ ಓದಿ

ಟ್ಯೂಬ್‌ಲೆಸ್ ರಿಮ್ ಎಂದರೆ ಏನು ಎಂಬುದಕ್ಕೆ ಉತ್ತರ ಸ್ಟಿಕ್ಕರಿನಲ್ಲಿಲ್ಲ, ಈ ಒಳಮೈಯಲ್ಲಿದೆ. ಟೈರ್ ತೆಗೆದು ರಿಮ್‌ನ ಅಡ್ಡಕ್ಕೆ ಬೆರಳು ಎಳೆಯಿರಿ. ಮೂರು ಸಂಗತಿ ತಿಳಿಯಬೇಕು.

ನಡುವೆ ಒಂದು ಕಾಲುವೆ. ಟೈರ್ ಹಾಕುವಾಗ ಬೀಡ್ ಇಲ್ಲಿಗೆ ಇಳಿದರೇನೇ ಎದುರುಬದಿಯಲ್ಲಿ ಸಡಿಲ ಸಿಗುವುದು. ಅದರ ಎರಡೂ ಪಕ್ಕಕ್ಕೆ ಜಗಲಿಯಂಥ ಸಪಾಟು ಜಾಗ. ಗಾಳಿ ತುಂಬಿದ ಮೇಲೆ ಬೀಡ್ ಕೂರುವುದು ಅಲ್ಲಿ. ಜಗಲಿ ಮತ್ತು ಕಾಲುವೆಯ ನಡುವೆ ಒಂದು ಸಣ್ಣ ಏರು, ಮನೆಯ ಹೊಸ್ತಿಲಿನ ಹಾಗೆ. ಗಾಳಿ ಕಡಿಮೆಯಾದಾಗ ಬೀಡ್ ಜಾರಿ ಕಾಲುವೆಗೆ ಬೀಳದಂತೆ ತಡೆಯುವುದು ಈ ಹೊಸ್ತಿಲೇ. ಬೆರಳಿಗೆ ಅದು ಸಿಗದೆ ನಡುವಿನಿಂದ ಗೋಡೆಯವರೆಗೆ ಒಂದೇ ಇಳಿಜಾರು ಸಿಕ್ಕಿದರೆ ಅದು ಟ್ಯೂಬಿನ ರಿಮ್. ಡಬಲ್ ವಾಲ್ ಎಂಬ ಮಾತಿಗೂ ಟ್ಯೂಬ್‌ಲೆಸ್‌ಗೂ ಸಂಬಂಧವಿಲ್ಲ. ಡಬಲ್ ವಾಲ್ ಎಂದರೆ ರಿಮ್‌ನ ಪೆಟ್ಟಿಗೆ ಎರಡು ಪದರದ್ದು ಎಂದಷ್ಟೇ ಅರ್ಥ.

ಇಂಥ ಟ್ಯೂಬಿನ ರಿಮ್‌ಗೆ ದಪ್ಪ ಟೇಪು ಸುತ್ತಿ, ಇಲ್ಲವೇ ಚಿಕ್ಕ ಟ್ಯೂಬನ್ನು ಸೀಳಿ ಹೊದಿಸಿ ಟ್ಯೂಬ್‌ಲೆಸ್ ಮಾಡುವ ಜುಗಾಡ್ ಇದೆ. ಗಾಳಿ ನಿಲ್ಲುತ್ತದೆ, ಸುಳ್ಳಲ್ಲ. ಆದರೆ ಇಳಿಜಾರಿನಲ್ಲಿ ಮುಂದಿನ ಟೈರು ಕಳಚಿದರೆ ಬೀಳುವುದು ಮುಖ. ಮುಂದಿನ ಚಕ್ರಕ್ಕಂತೂ ಬೇಡವೇ ಬೇಡ.

ಇನ್ನು ಗೋಡೆಯ ತುದಿ. ಒಳಕ್ಕೆ ಸಣ್ಣ ಕೊಕ್ಕೆ ಇದ್ದರೆ ಹುಕ್ ರಿಮ್, ನೇರ ಗೋಡೆಯಾದರೆ ಹುಕ್‌ಲೆಸ್. ಎಂಟಿಬಿಯಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಎರಡೂ ನಡೆಯುತ್ತವೆ. ಹುಕ್‌ಲೆಸ್ ರಿಮ್‌ಗೆ ಟ್ಯೂಬ್‌ಲೆಸ್ ರೆಡಿ ಎಂದು ಬರೆದ ಟೈರನ್ನು ಮಾತ್ರ ಹಾಕಬೇಕು. ಒಳಗೆ ಟ್ಯೂಬ್ ಹಾಕಿಕೊಂಡರೂ ಈ ನಿಯಮ ಬದಲಾಗುವುದಿಲ್ಲ. ಸೈಕಲ್ ಜೊತೆ ಬಂದ ತಂತಿ ಬೀಡಿನ ಹಳೇ ಟೈರನ್ನು ಉಳಿಸಿಕೊಳ್ಳುವ ಆಸೆ ಬಿಡಿ.

ಟೈರೂ ರಿಮ್ಮೂ ಒಂದನ್ನೊಂದು ಒಪ್ಪದಿದ್ದರೆ ಕೈಗೇ ಗೊತ್ತಾಗುತ್ತದೆ. ಲಿವರ್ ಇಲ್ಲದೆ ಬಳೆ ತೊಟ್ಟಂತೆ ಸಲೀಸಾಗಿ ಬಂದು ಕೂತ ಟೈರನ್ನು ಕಂಡು ಖುಷಿಪಡಬೇಡಿ. ಅಷ್ಟು ಸಡಿಲವಿದ್ದರೆ ಪಂಪಿನ ಗಾಳಿಗೆ ಅದು ಏಳುವುದೂ ಕಷ್ಟ, ಎದ್ದರೂ ಹಿಡಿತ ಕಮ್ಮಿ.

7. ಅಲಾಯ್, ಕಾರ್ಬನ್, ಬೆಸುಗೆ

ಮೊದಲ ಟ್ಯೂಬ್‌ಲೆಸ್ ಚಕ್ರಕ್ಕೆ ಅಲಾಯ್ ತೆಗೆದುಕೊಳ್ಳಿ. ಕಲ್ಲಿಗೆ ಬಡಿದರೆ ನೆಗ್ಗುತ್ತದೆ, ಸಣ್ಣ ನೆಗ್ಗನ್ನು ನಿಧಾನಕ್ಕೆ ಸರಿಮಾಡಬಹುದು. ಕಾರ್ಬನ್ ನೆಗ್ಗುವುದಿಲ್ಲ, ಬಿರುಕು ಬಿಡುತ್ತದೆ, ಬಿರುಕು ಬಿಟ್ಟ ಕಾರ್ಬನ್ ರಿಮ್ ಮೇಲೆ ಕೂರಬಾರದು. 29 ಇಂಚಿನ ಅಲಾಯ್ ರಿಮ್ 450ರಿಂದ 600 ಗ್ರಾಂ ತೂಗುತ್ತದೆ. ಹಿಂದಿನ ಚಕ್ರಕ್ಕೆ ಸ್ವಲ್ಪ ಭಾರದ್ದೇ ಇರಲಿ, ಪೆಟ್ಟು ಹೆಚ್ಚು ತಿನ್ನುವುದು ಅದೇ.

ರಿಮ್ ಸೇರುವ ಜಾಗ, ವಾಲ್ವ್ ತೂತಿಗೆ ಎದುರುಬದಿಯಲ್ಲಿ, ಬೆಸುಗೆಯದೋ ಪಿನ್ ಹೊಡೆದದ್ದೋ ನೋಡಿ. ಪಿನ್ ಹೊಡೆದದ್ದಾದರೂ ಟ್ಯೂಬ್‌ಲೆಸ್ ಆಗುತ್ತದೆ. ಆದರೆ ಸಂದಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಮೆಟ್ಟಿಲು ಇದ್ದರೆ ಅಲ್ಲಿಂದಲೇ ಗಾಳಿ ಸೋರುತ್ತದೆ, ವಾಪಸ್ ಕೊಡಿ.

ಕೆಲವು ರಿಮ್‌ಗಳಲ್ಲಿ ಸ್ಪೋಕ್ ತೂತುಗಳು ನಡುವೆ ಇರದೆ ಒಂದು ಪಕ್ಕಕ್ಕೆ ಸರಿದಿರುತ್ತವೆ. ಅದು ದೋಷವಲ್ಲ, ಎರಡೂ ಕಡೆಯ ಸ್ಪೋಕ್ ಬಿಗಿ ಸಮವಾಗಲೆಂದು ಮಾಡಿದ್ದು. ಹಿಂದಿನ ಚಕ್ರದಲ್ಲಿ ತೂತುಗಳು ಎಡಕ್ಕೆ, ಅಂದರೆ ಚೈನ್ ಇಲ್ಲದ ಕಡೆಗೆ ಬರಬೇಕು. ಮುಂದೆ ಡಿಸ್ಕ್ ಇಲ್ಲದ ಕಡೆಗೆ. ತಿರುಗುಮುರುಗಾಗಿ ಕಟ್ಟಿದ ಚಕ್ರವನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ.

8. ವಾಲ್ವ್ ತೂತು

ಕಾರು, ಸ್ಕೂಟರಿಗೆ ಇರುವಂಥ ದಪ್ಪ ವಾಲ್ವಿಗೆ 8.5 ಮಿ.ಮೀ. ತೂತು. ಪ್ರೆಸ್ಟಾ ಎನ್ನುವ ಸಣ್ಣ ವಾಲ್ವಿಗೆ 6.5. ಟ್ಯೂಬ್‌ಲೆಸ್ ವಾಲ್ವ್‌ಗಳು ಹೆಚ್ಚಾಗಿ ಪ್ರೆಸ್ಟಾ. 8.5ರ ತೂತಿಗೆ ಪ್ರೆಸ್ಟಾ ಹಾಕಿದರೆ ವಾಲ್ವಿನ ಬುಡದ ರಬ್ಬರು ತೂತಿನೊಳಕ್ಕೆ ಕುಸಿದು ಸೋರುತ್ತದೆ. ಅಂಥ ರಿಮ್‌ಗೆ ದಪ್ಪ ಟ್ಯೂಬ್‌ಲೆಸ್ ವಾಲ್ವನ್ನೇ ಹುಡುಕಿ. ಸಣ್ಣ ತೂತನ್ನು ಡ್ರಿಲ್ ಹಾಕಿ ದೊಡ್ಡದು ಮಾಡುವ ಮಾತು ಮಾತ್ರ ಆಡಬೇಡಿ.

9. ಸ್ಪೋಕ್ ಉದ್ದ (ರಿಮ್ ಮಾತ್ರ ಕೊಳ್ಳುವವರಿಗೆ)

ಪ್ರತಿ ರಿಮ್‌ಗೂ ಇಆರ್‌ಡಿ ಎಂಬ ಅಳತೆ ಇರುತ್ತದೆ. ಸರಳವಾಗಿ, ಒಂದು ಸ್ಪೋಕಿನ ತುದಿಯಿಂದ ಎದುರಿನ ಸ್ಪೋಕಿನ ತುದಿಯವರೆಗಿನ ವ್ಯಾಸ. ಹಳೇ ರಿಮ್‌ಗಿಂತ ಹೊಸದರ ಇಆರ್‌ಡಿ 4 ಮಿ.ಮೀ. ಹೆಚ್ಚಿದ್ದರೆ ಸ್ಪೋಕು 2 ಮಿ.ಮೀ. ಉದ್ದ ಬೇಕು. ವ್ಯತ್ಯಾಸ 2 ಮಿ.ಮೀ. ಒಳಗಿದ್ದರೆ ಹಳೇ ಸ್ಪೋಕ್ ನಡೆದೀತು. ಆದರೂ ಹೊಸ ನಿಪ್ಪಲ್ (ಸ್ಪೋಕನ್ನು ರಿಮ್‌ಗೆ ಬಿಗಿಯುವ ಸಣ್ಣ ತಿರುಪು) ಹಾಕಿಸಿ.

ಸ್ಪೋಕು ಉದ್ದವಾದರೆ ಮರೆ ಮುಗಿದು ಬಿಗಿಯೇ ಆಗುವುದಿಲ್ಲ, ತುದಿ ನಿಪ್ಪಲ್ ದಾಟಿ ಟೇಪನ್ನು ಚುಚ್ಚುವುದೂ ಉಂಟು. ಗಿಡ್ಡವಾದರೆ ನಿಪ್ಪಲ್ ತಲೆ ಮುರಿಯುತ್ತದೆ. ರಿಮ್ ಡೊಂಕು ತೆಗೆಯುವ ಅನುಭವ ಇರುವವರೆಲ್ಲ ಚಕ್ರ ಕಟ್ಟುವವರಲ್ಲ. ಸ್ಪೋಕ್ ಬಿಗಿ ಅಳೆಯುವ ಟೆನ್ಶನ್ ಮೀಟರ್ ಇಟ್ಟುಕೊಂಡಿರುವ ಮೆಕ್ಯಾನಿಕ್ ಹತ್ತಿರವೇ ಕೊಡಿ, ರಿಮ್ ಕಂಪನಿ ಹೇಳಿದ ಗರಿಷ್ಠ ಬಿಗಿಯನ್ನು ಅವರಿಗೆ ಬರೆದುಕೊಡಿ.

10. ಟೇಪ್ ಸುತ್ತುವುದು

ಟೇಪಿನ ಅಗಲ ರಿಮ್‌ನ ಒಳ ಅಗಲಕ್ಕಿಂತ 2ರಿಂದ 4 ಮಿ.ಮೀ. ಹೆಚ್ಚಿರಲಿ. ಕಾಲುವೆಗೆ ಇಳಿದು ಮತ್ತೆ ಜಗಲಿಗೆ ಏರುವಷ್ಟು ಅಗಲ ಬೇಕಲ್ಲ. ಆಲ್ಕೊಹಾಲಿನಿಂದ ರಿಮ್ ಒರೆಸಿ, ಪೂರ್ತಿ ಆರಲು ಬಿಡಿ. ಟೇಪನ್ನು ಜೋರಾಗಿ ಎಳೆದು ಹಿಡಿದೇ ಅಂಟಿಸುತ್ತಾ ಹೋಗಿ. ವಾಲ್ವ್ ತೂತಿಗಿಂತ ಒಂದು ಗೇಣು ಹಿಂದಿನಿಂದ ಶುರುಮಾಡಿ, ತೂತು ದಾಟಿ 10 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಮುಗಿಸಿ.

ವಾಲ್ವ್ ತೂತನ್ನು ಬ್ಲೇಡಿನಿಂದ ಅಡ್ಡಡ್ಡ ಕೊಯ್ಯಬೇಡಿ, ಸೀಳು ಮುಂದಕ್ಕೆ ಓಡುತ್ತದೆ. ಕಾಯಿಸಿದ ದಪ್ಪ ಸೂಜಿಯಿಂದ ಚುಚ್ಚಿ, ವಾಲ್ವನ್ನೇ ಒತ್ತಿ ತೂರಿಸಿ. ಅದರ ತಿರುಪನ್ನು ಕೈಯಲ್ಲೇ ಬಿಗಿಮಾಡಿ. ಇಕ್ಕಳ ಹಾಕಿ ಬಿಗಿದರೆ, ಮುಳ್ಳು ಚುಚ್ಚಿ ದಾರಿಯಲ್ಲಿ ಟ್ಯೂಬ್ ಹಾಕಬೇಕಾದ ದಿನ ವಾಲ್ವ್ ಬಿಚ್ಚಲು ಬರುವುದಿಲ್ಲ.

ಸಮಯ ಇದ್ದರೆ ಸಾದಾ ಟ್ಯೂಬ್ ಹಾಕಿ ಗಾಳಿ ತುಂಬಿ ಒಂದು ರಾತ್ರಿ ಬಿಡಿ, ಟೇಪು ಕಚ್ಚಿಕೊಳ್ಳುತ್ತದೆ. ಈ ಒಂದು ಕೆಲಸ ತಪ್ಪಿಸಿದವರೇ ಮರುದಿನ ಸ್ಪೋಕ್ ತೂತಿನಿಂದ ಸೀಲೆಂಟ್ ಹನಿಯುತ್ತಿದೆ ಎಂದು ಬರೆಯುವುದು.

11. ಟೈರ್ ಕೂರಿಸುವುದು

ಮೊದಲ ಸಲ ಸೀಲೆಂಟ್ ಇಲ್ಲದೆ ಮಾಡಿ. ಬೀಡ್‌ಗೆ ಸೋಪಿನ ನೀರು ಸವರಿ, ವಾಲ್ವ್ ಕೋರ್ ತೆಗೆದು, ಫ್ಲೋರ್ ಪಂಪಿನಿಂದ ಬಿಡುವಿಲ್ಲದೆ ಹೊಡೆಯಿರಿ. ಪಟ್ ಪಟ್ ಎಂದು ಎರಡು ಮೂರು ಸದ್ದು ಬರುತ್ತದೆ, ಬೀಡ್ ಹೊಸ್ತಿಲು ದಾಟಿ ಜಗಲಿಗೆ ಏರಿದ ಗುರುತು. ಟೈರಿನ ಪಕ್ಕದಲ್ಲಿರುವ ತೆಳು ಗೆರೆ ರಿಮ್‌ನ ಸುತ್ತಲೂ ಒಂದೇ ದೂರದಲ್ಲಿ ಕಾಣಬೇಕು. ಒಂದು ಕಡೆ ಗೆರೆ ಒಳಗೆ ಮುಳುಗಿದ್ದರೆ ಗಾಳಿ ಬಿಟ್ಟು, ಸೋಪು ಹಚ್ಚಿ ಮತ್ತೆ ಮಾಡಿ. ಏಳಲಿಲ್ಲ ಎಂದು ಒತ್ತಡ ಏರಿಸುತ್ತಲೇ ಹೋಗಬೇಡಿ. ರಿಮ್ ಮತ್ತು ಟೈರಿನ ಮೇಲೆ ಬರೆದ ಗರಿಷ್ಠ ಅಂಕಿಗಳಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಗಡಿ. ಕಂಪ್ರೆಸರ್ ಅಂಗಡಿಯವರಿಗೆ ಇದನ್ನು ಮೊದಲೇ ಹೇಳಿ, ಅವರ ಕೈ ಲಾರಿ ಟೈರಿಗೆ ಒಗ್ಗಿದ್ದು.

ಕೂತ ಮೇಲೆ ಗಾಳಿ ಬಿಡಿ, ಬೀಡ್ ಕೂತಲ್ಲೇ ಉಳಿಯುತ್ತದೆ. ವಾಲ್ವ್ ಮೂಲಕ ಸೀಲೆಂಟ್ ಹಾಕಿ. 29×2.4ರ ಟೈರಿಗೆ 100ರಿಂದ 120 ಮಿ.ಲೀ. ಕೋರ್ ಕೂರಿಸಿ ಗಾಳಿ ತುಂಬಿ, ಚಕ್ರವನ್ನು ಎಲ್ಲ ಕಡೆಗೂ ಹೊರಳಿಸಿ ಅಲುಗಾಡಿಸಿ. 70 ಕೆ.ಜಿ. ತೂಕದವರು ಮುಂದೆ 22, ಹಿಂದೆ 25 ಪಿಎಸ್‌ಐಯಿಂದ ಶುರುಮಾಡಿ, ಒಂದೊಂದೇ ಇಳಿಸುತ್ತಾ ನೋಡಬಹುದು.

ಅಪಾಯದ ಗುರುತುಗಳು

ಸೋಪಿನ ನೀರು ಹಾಕಿದಾಗ ಗುಳ್ಳೆ ಎಲ್ಲಿ ಏಳುತ್ತದೆ ಎಂಬುದೇ ರೋಗದ ಹೆಸರು ಹೇಳುತ್ತದೆ. ವಾಲ್ವ್ ಬುಡದಲ್ಲಾದರೆ ರಬ್ಬರು ಕೂತಿಲ್ಲ. ಸ್ಪೋಕ್ ತೂತಿನಲ್ಲಾದರೆ ಟೇಪು ಹರಿದಿದೆ, ಆದರೆ ಹರಿದದ್ದು ಅದೇ ಜಾಗದಲ್ಲಿ ಇರಬೇಕೆಂದಿಲ್ಲ. ಗಾಳಿ ರಿಮ್ ಪೆಟ್ಟಿಗೆಯೊಳಗೆ ಸುತ್ತಿ ಎಲ್ಲಿಂದಲೋ ಹೊರಬರುತ್ತದೆ, ಹಾಗಾಗಿ ಟೇಪನ್ನು ಪೂರ್ತಿ ತೆಗೆದು ಹೊಸದಾಗಿ ಸುತ್ತಿ. ಬೀಡ್ ಉದ್ದಕ್ಕೂ ಸಣ್ಣ ಗುಳ್ಳೆಗಳಾದರೆ ಒಂದೆರಡು ಕಿ.ಮೀ. ಓಡಿಸಿದ ಮೇಲೆ ಸೀಲೆಂಟ್ ಮುಚ್ಚುತ್ತದೆ. ಒಂದೇ ಜಾಗದಲ್ಲಿ ಜೋರಾಗಿ ಬಂದರೆ ಅಲ್ಲಿ ರಿಮ್ ಅಂಚು ನೆಗ್ಗಿದೆಯೇ ನೋಡಿ.

ನಿಪ್ಪಲ್ ಸುತ್ತ ಕೂದಲೆಳೆಯ ಬಿರುಕು ಕಂಡರೆ ಆ ರಿಮ್‌ನ ಆಯಸ್ಸು ಮುಗಿಯಿತು, ಬೆಸುಗೆ ಹಾಕಿಸುವುದಲ್ಲ.

ಬಳ್ಳಾರಿ, ರಾಯಚೂರು, ಕಲಬುರಗಿ ಕಡೆಯವರು ಟ್ಯೂಬ್‌ಲೆಸ್‌ಗೆ ಬರುವುದೇ ಜಾಲಿ ಮುಳ್ಳಿನ ಕಾಟಕ್ಕೆ. ಆ ಬೇಸಿಗೆಯಲ್ಲಿ ಸೀಲೆಂಟ್ ಎರಡು ಮೂರು ತಿಂಗಳಲ್ಲೇ ಒಣಗುತ್ತದೆ. ಚಕ್ರವನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, ನೀರಿನ ಸದ್ದು ಇಲ್ಲದಿದ್ದರೆ ಒಳಗೆ ಉಳಿದಿರುವುದು ರಬ್ಬರಿನ ಪೊರೆ ಮಾತ್ರ. ಟೈರಿನಲ್ಲಿ ಸಿಕ್ಕಿದ ಮುಳ್ಳನ್ನು ಹೊಸ ಸೀಲೆಂಟ್ ಹಾಕುವ ಮೊದಲು ಕೀಳಬೇಡಿ.

ಹೊಸದಾಗಿ ಕಟ್ಟಿಸಿದ ಚಕ್ರವಾದರೆ 50-60 ಕಿ.ಮೀ. ಓಡಿಸಿದ ಮೇಲೆ ಕಟ್ಟಿದವರ ಹತ್ತಿರವೇ ವಾಪಸ್ ಒಯ್ದು ಸ್ಪೋಕ್ ಬಿಗಿ ನೋಡಿಸಿ. ಒಂದೊಂದು ಜೋಡಿ ಸ್ಪೋಕನ್ನೂ ಕೈಯಲ್ಲಿ ಹಿಂಡುತ್ತಾ ಹೋದಾಗ ಯಾವುದಾದರೂ ಜೋಡಿ ಮಿಕ್ಕವಕ್ಕಿಂತ ಮೆತ್ತಗೆ ಅನಿಸಿದರೆ, ಅದನ್ನು ಸರಿಮಾಡಿಸದೆ ಇಳಿಜಾರಿಗೆ ಹೋಗಬೇಡಿ.